ಶೈಕ್ಷಣಿಕ ಸ್ವಾತಂತ್ರ್ಯ

ಶೈಕ್ಷಣಿಕ ಸ್ವಾತಂತ್ರ್ಯ: ವಿಶ್ವವಿದ್ಯಾಲಯಗಳಲ್ಲೂ ಸಂಶೋಧನ ಸಂಸ್ಥೆಗಳಲ್ಲೂ ಇರುವವರು ಯಾವ ಪ್ರಶ್ನೆಯನ್ನಾದರೂ ಎತ್ತಿಕೊಂಡು ಶೋಧಿಸಲು, ಕಂಡುಕೊಂಡದ್ದನ್ನು ಪ್ರಕಟಿಸಲು, ಅದನ್ನು ಪಾಠ ಹೇಳಲು ಮತ್ತು ಅದರ ಮೇಲೆ ವಾದ ನಡೆಸಲು ಇರುವ ಹಕ್ಕು, ಹಾಗೆ ಮಾಡಿದ್ದಕ್ಕೆ ಕೆಲಸ, ಸ್ಥಾನ ಅಥವಾ ಜೀವಕ್ಕೆ ಕುತ್ತು ಬಾರದು ಎಂಬ ಭರವಸೆ. ತ್ರಿಕೋನದ ಪ್ರಮೇಯಕ್ಕೂ ಲವಣದ ಸಂಯೋಜನೆಗೂ ಈ ಭರವಸೆ ಹೆಚ್ಚಾಗಿ ಬೇಕಾಗುವುದಿಲ್ಲ. ಜಾತಿ, ಧರ್ಮ, ರಾಷ್ಟ್ರ, ಗಡಿ, ಯುದ್ಧ, ಭಾಷೆ ಮುಂತಾಗಿ ಊರೇ ಎರಡು ಪಕ್ಷವಾಗಿ ನಿಂತ ವಿಷಯಗಳಲ್ಲಿ ಅದರ ಗಟ್ಟಿತನ ತಿಳಿಯುತ್ತದೆ. ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂಬ ಪಟ್ಟಿಯಾಗಿ ಈ ಸ್ವಾತಂತ್ರ್ಯವನ್ನು ನೋಡುವುದು ರೂಢಿ. ಆದರೆ ಅದರ ಚರಿತ್ರೆಯನ್ನು ನೋಡಿದರೆ ಬೇರೊಂದು ಸಂಗತಿ ಮುಖ್ಯವಾಗಿ ಕಾಣುತ್ತದೆ: ಒಂದು ವಿಚಾರ ನಿಲ್ಲಬಲ್ಲದೋ ಬಿದ್ದುಹೋಗುವುದೋ ಎಂದು ತೀರ್ಮಾನಿಸುವವರು ಯಾರು, ಆ ತೀರ್ಮಾನಕ್ಕೆ ಅವರು ಪರಿಶೀಲನೆಗೆ ಒಡ್ಡಬಹುದಾದ ಕಾರಣ ಕೊಡುತ್ತಾರೆಯೆ? ಕಾರಣ ಕೊಡುವ ಹೊಣೆ ಇರುವ ಕಡೆ ಈ ಸ್ವಾತಂತ್ರ್ಯ ಉಳಿದಿದೆ. ಆ ಹೊಣೆ ಕಳಚಿಬಿದ್ದ ಕಡೆ, ಕಾನೂನಿನ ಪುಸ್ತಕದಲ್ಲಿ ಎಷ್ಟೇ ಸೊಗಸಾಗಿ ಬರೆದಿದ್ದರೂ, ಅದು ಅಳಿದಿದೆ.

ಅರ್ಥ ಮತ್ತು ಎಲ್ಲೆ

ವಾಕ್ ಸ್ವಾತಂತ್ರ್ಯವನ್ನೂ ಶೈಕ್ಷಣಿಕ ಸ್ವಾತಂತ್ರ್ಯವನ್ನೂ ಒಂದೇ ಎಂದು ಭಾವಿಸುವುದರಿಂದ ಬಹಳಷ್ಟು ಗೊಂದಲ ಹುಟ್ಟುತ್ತದೆ. ಭೂಮಿ ಚಪ್ಪಟೆಯಾಗಿದೆ ಎಂದು ಸಂತೆಯಲ್ಲಿ ನಿಂತು ಸಾರುವವನನ್ನು ಯಾರೂ ಜೈಲಿಗೆ ಹಾಕುವಂತಿಲ್ಲ. ಅದು ಪ್ರಜೆಯ ವಾಕ್ ಸ್ವಾತಂತ್ರ್ಯ. ಅದೇ ಮಾತನ್ನು ಭೂಗೋಳದ ಅಧ್ಯಾಪಕನ ಹುದ್ದೆಗೆ ಅರ್ಜಿ ಹಾಕಿದವನು ಸಂದರ್ಶನದಲ್ಲಿ ಹೇಳಿದರೆ ಅವನನ್ನು ಬೇಡವೆನ್ನುವುದು ವಿಭಾಗದ ಹಕ್ಕು ಮಾತ್ರವಲ್ಲ, ಕರ್ತವ್ಯ. ಅಂದರೆ ಶೈಕ್ಷಣಿಕ ಸ್ವಾತಂತ್ರ್ಯ ಹೊರಗಿನ ಅಧಿಕಾರದ ಎದುರು ವಿಶಾಲವಾದದ್ದು, ವಿಷಯ ಬಲ್ಲವರ ಎದುರು ಬಿಗಿಯಾದದ್ದು. ಮಂತ್ರಿಗೆ, ಮಠಕ್ಕೆ, ದಾನಿಗೆ, ಬೀದಿಯ ಗುಂಪಿಗೆ ವಿದ್ವಾಂಸ ತಲೆಬಾಗಬೇಕಾಗಿಲ್ಲ. ಆಧಾರ ಎಲ್ಲಿದೆ ಎಂದು ಕೇಳುವ ಸಹವಿದ್ವಾಂಸನಿಗೆ ಅವನು ಉತ್ತರ ಹೇಳಲೇಬೇಕು. ಈ ವ್ಯತ್ಯಾಸ ಭಾರತೀಯ ಪರಂಪರೆಗೆ ಹೊಸದಲ್ಲ. ನ್ಯಾಯಸೂತ್ರಗಳು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ಬೇರ್ಪಡಿಸುತ್ತವೆ. ಪ್ರಮಾಣ ಮತ್ತು ತರ್ಕವನ್ನು ಹಿಡಿದು ತತ್ತ್ವವನ್ನು ತಿಳಿಯಲು ನಡೆಸುವುದು ವಾದ. ಮಾತಿನ ಅರ್ಥ ತಿರುಚುವ ಛಲ, ಹುಸಿ ಹೋಲಿಕೆಯಿಂದ ಆಕ್ಷೇಪಿಸುವ ಜಾತಿ ಇಂಥ ಪಟ್ಟುಗಳನ್ನೂ ಬಳಸಿ ಗೆಲ್ಲಲು ಹೊರಡುವುದು ಜಲ್ಪ. ತನ್ನದೆಂಬ ಪಕ್ಷವನ್ನೇ ಇಡದೆ ಎದುರಾಳಿಯದನ್ನು ಕೆಡವುವುದಷ್ಟೇ ವಿತಂಡ. ಹಟಮಾರಿ ಮಾತಿಗೆ ಕನ್ನಡದಲ್ಲಿ ಇಂದಿಗೂ ವಿತಂಡವಾದವೆಂಬ ಹೆಸರೇ ಉಳಿದಿದೆ. ತನ್ನ ಸಿದ್ಧಾಂತವನ್ನು ಹೇಳುವ ಮುನ್ನ ಎದುರಾಳಿಯ ಮಾತನ್ನು ಪೂರ್ವಪಕ್ಷವಾಗಿ ಮಂಡಿಸಬೇಕೆಂಬ ಶಾಸ್ತ್ರಗ್ರಂಥಗಳ ಪದ್ಧತಿಯೂ ಇದೇ ಶಿಸ್ತಿನಿಂದ ಬಂದದ್ದು. ಚರ್ಚೆಗೆ ಮುಕ್ತತೆ ಬೇಕು ಎನ್ನುವುದರ ಜೊತೆಗೆ ಯಾವ ಬಗೆಯ ಚರ್ಚೆಗೆ ಅದು ಬೇಕು ಎಂಬ ಪ್ರಶ್ನೆಯೂ ಹಳೆಯದೇ.

ಚಾರಿತ್ರಿಕ ಹಿನ್ನೆಲೆ

ಮಧ್ಯಯುಗದ ಯುರೋಪಿನ ವಿಶ್ವವಿದ್ಯಾಲಯಗಳು ರಾಜನ ಅಧಿಕಾರಕ್ಕೂ ಚರ್ಚಿನ ಅಧಿಕಾರಕ್ಕೂ ನಡುವೆ ಜಾಗ ಮಾಡಿಕೊಂಡು ಬೆಳೆದವು. ಆ ಜಾಗ ಕಿರಿದಾಗಿತ್ತು. 1277ರಲ್ಲಿ ಪ್ಯಾರಿಸಿನ ಬಿಷಪ್ ಎತಿಯೆನ್ ತಾಂಪಿಯೆ ಅಲ್ಲಿ ಬೋಧನೆಯಾಗುತ್ತಿದ್ದ 219 ಪ್ರತಿಪಾದನೆಗಳನ್ನು ನಿಷೇಧಿಸಿದ. ಈ ಹಕ್ಕಿಗೆ ಆಧುನಿಕ ರೂಪ ಬಂದದ್ದು ಜರ್ಮನಿಯಲ್ಲಿ, ಅದೂ ಸೋಲುಗಳ ಮೂಲಕ. ಹಾಲೆ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರಜ್ಞ ಕ್ರಿಸ್ಟಿಯನ್ ವೋಲ್ಫ್ 1721ರಲ್ಲಿ ಚೀನೀಯರ ನೀತಿಚಿಂತನೆಯ ಮೇಲೆ ಭಾಷಣ ಮಾಡಿ, ದೈವಿಕ ಶ್ರುತಿಯ ನೆರವಿಲ್ಲದೆ ಬುದ್ಧಿಯಿಂದಲೇ ಕನ್ಫ್ಯೂಷಿಯಸ್ ಒಳ್ಳೆಯ ನೀತಿಯನ್ನು ಕಂಡುಕೊಂಡನೆಂದು ಹೊಗಳಿದ. ದೇವತಾಶಾಸ್ತ್ರದ ಸಹೋದ್ಯೋಗಿಗಳು ದೂರು ಒಯ್ದರು. ವೋಲ್ಫನ ಸಿದ್ಧಾಂತವನ್ನು ಒಪ್ಪಿದರೆ ಸೈನ್ಯದಿಂದ ಓಡಿಹೋದ ಸಿಪಾಯಿಯನ್ನೂ ಶಿಕ್ಷಿಸಲಾಗದು, ಅದು ಅವನ ವಿಧಿ ಎಂದಾಗುತ್ತದೆ ಎಂದು ಪ್ರಷ್ಯದ ರಾಜನ ಕಿವಿಗೆ ಹಾಕಿದರೆಂಬ ಪ್ರತೀತಿಯಿದೆ. 1723ರಲ್ಲಿ ರಾಜಾಜ್ಞೆ ಬಂತು: ನಲವತ್ತೆಂಟು ಗಂಟೆಗಳೊಳಗೆ ರಾಜ್ಯ ಬಿಡಬೇಕು, ಇಲ್ಲವಾದರೆ ನೇಣು. ವೋಲ್ಫನ ವಾದದಲ್ಲಿ ತಪ್ಪೆಲ್ಲಿದೆ ಎಂದು ಆ ಆಜ್ಞೆ ಯಾರಿಗೂ ತೋರಿಸಿಕೊಡಲಿಲ್ಲ. ಹದಿನೇಳು ವರ್ಷಗಳ ಮೇಲೆ, 1740ರಲ್ಲಿ, ಹೊಸ ರಾಜ ಎರಡನೆಯ ಫ್ರೆಡರಿಕ್ ಅವನನ್ನು ಗೌರವದಿಂದ ಹಿಂದಕ್ಕೆ ಕರೆಸಿಕೊಂಡ. ಹೊರಗೆ ಕಳಿಸಿದ್ದೂ ಒಳಗೆ ಕರೆದದ್ದೂ ಅರಮನೆಯ ಮರ್ಜಿಯೇ. ಆ ಮರ್ಜಿಗೆ ಬದಲಾಗಿ ಒಂದು ನಿಯಮ ಬೇಕೆಂಬ ಅರಿವು ಇಂಥ ಪ್ರಸಂಗಗಳಿಂದ ಹುಟ್ಟಿತು.

ವಿಲ್ಹೆಲ್ಮ್ ಫಾನ್ ಹುಂಬೋಲ್ಟನ ಯೋಜನೆಯಂತೆ 1810ರಲ್ಲಿ ತೆರೆದ ಬರ್ಲಿನ್ ವಿಶ್ವವಿದ್ಯಾಲಯ ಬೋಧನೆಯನ್ನೂ ಸಂಶೋಧನೆಯನ್ನೂ ಒಂದುಗೂಡಿಸಿತು. ಕಲಿಸುವವನ ಸ್ವಾತಂತ್ರ್ಯ, ಕಲಿಯುವವನ ಸ್ವಾತಂತ್ರ್ಯ ಎಂಬ ಜೋಡಿ ಕಲ್ಪನೆ ಜರ್ಮನ್ ವಿದ್ವತ್ತಿನ ಹೆಗ್ಗುರುತಾಯಿತು. ಅಧ್ಯಾಪಕ ತರಗತಿಯಿಂದ ಹೊರಬಂದು ರಾಜಕೀಯದ ಮಾತಾಡಿದಾಗ ಮಾತ್ರ ಈ ಸ್ವಾತಂತ್ರ್ಯ ತೆಳುವಾಗುತ್ತಿತ್ತು. 1837ರಲ್ಲಿ ಹ್ಯಾನೋವರ್ ರಾಜ ಅರ್ನ್‌ಸ್ಟ್ ಔಗುಸ್ಟ್ ಸಂವಿಧಾನವನ್ನು ರದ್ದುಮಾಡಿದಾಗ ಗೊಟಿಂಗೆನ್ನಿನ ಏಳು ಪ್ರಾಧ್ಯಾಪಕರು ಪ್ರತಿಭಟಿಸಿ ಕೆಲಸ ಕಳೆದುಕೊಂಡರು. ಜನಪದ ಕಥೆಗಳಿಂದ ಜಗತ್ತಿಗೆಲ್ಲ ಪರಿಚಿತರಾದ ಗ್ರಿಮ್ ಸಹೋದರರು ಆ ಏಳರಲ್ಲಿ ಇಬ್ಬರು. ಯಾಕೋಬ್ ಗ್ರಿಮ್ ಸೇರಿದಂತೆ ಮೂವರಿಗೆ ಗಡಿಪಾರೂ ಆಯಿತು. 1850ರ ಪ್ರಷ್ಯ ಸಂವಿಧಾನ ವಿಜ್ಞಾನ ಮತ್ತು ಅದರ ಬೋಧನೆ ಸ್ವತಂತ್ರವೆಂದು ಘೋಷಿಸಿತಾದರೂ ಅದೇ ಪ್ರಷ್ಯ 1898ರಲ್ಲಿ ಒಂದು ವಿಶೇಷ ಕಾನೂನು ತಂದು, ಸೋಷಿಯಲ್ ಡೆಮಾಕ್ರಟ್ ಪಕ್ಷದ ಸದಸ್ಯನಾಗಿದ್ದ ಭೌತವಿಜ್ಞಾನಿ ಲಿಯೋ ಆರೋನ್ಸನನ್ನು 1900ರಲ್ಲಿ ಬೋಧನೆಯಿಂದ ತೆಗೆಯಿತು. ಅವನ ಭೌತವಿಜ್ಞಾನದಲ್ಲಿ ಯಾರೂ ತಪ್ಪು ಹುಡುಕಿರಲಿಲ್ಲ. ಪಕ್ಷ ನೋಡಿ ಪೀಠ ಕೊಡುವ ದೇಶ ಶೈಕ್ಷಣಿಕ ಸ್ವಾತಂತ್ರ್ಯದ ಮಾತಾಡುವಂತಿಲ್ಲವೆಂದು ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಮುಂದೆ ಟೀಕಿಸಿದ.

ಅಮೆರಿಕದಲ್ಲಿ ಒತ್ತಡ ರಾಜನಿಂದ ಬರಲಿಲ್ಲ, ದಾನಿಯಿಂದ ಬಂತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಡ್ವರ್ಡ್ ರಾಸ್ ನಾಣ್ಯನೀತಿ, ರೈಲ್ವೆ ಕಂಪನಿಗಳು ಮತ್ತು ಏಷ್ಯದ ವಲಸೆಗಾರರ ಬಗ್ಗೆ ಆಡಿದ ಮಾತುಗಳು ಸಂಸ್ಥಾಪಕಿ ಜೇನ್ ಸ್ಟ್ಯಾನ್‌ಫರ್ಡರಿಗೆ ಹಿಡಿಸದೆ 1900ರಲ್ಲಿ ಅವನು ಹುದ್ದೆ ಬಿಡಬೇಕಾಯಿತು. ಅವನನ್ನು ತೆಗೆದ ರೀತಿಯನ್ನು ಖಂಡಿಸಿ ರಾಜೀನಾಮೆ ಕೊಟ್ಟವರಲ್ಲಿ ಆರ್ಥರ್ ಲವ್‌ಜಾಯ್ ಒಬ್ಬ. ಅವನೂ ಜಾನ್ ಡ್ಯೂಯಿಯೂ ಸೇರಿ 1915ರಲ್ಲಿ ಅಮೆರಿಕದ ವಿಶ್ವವಿದ್ಯಾಲಯ ಪ್ರಾಧ್ಯಾಪಕರ ಸಂಘವನ್ನು ಕಟ್ಟಿದರು. ಆ ವರ್ಷದ ಘೋಷಣೆ ಪ್ರಾಧ್ಯಾಪಕನನ್ನು ನ್ಯಾಯಾಧೀಶನಿಗೆ ಹೋಲಿಸಿತು: ನೇಮಿಸುವುದು ಸರ್ಕಾರವಾದರೂ ತೀರ್ಪಿನಲ್ಲಿ ಸರ್ಕಾರ ಕೈಹಾಕುವಂತಿಲ್ಲ. ಇಲ್ಲಿ ಮುಚ್ಚಿಡಬಾರದ ಸಂಗತಿಯೊಂದಿದೆ. ಏಷ್ಯದ ವಲಸೆಗಾರರ ಬಗ್ಗೆ ರಾಸನ ಮಾತುಗಳು ಜನಾಂಗದ್ವೇಷದವು. ಒಂದು ದೇಶದ ಶೈಕ್ಷಣಿಕ ಸ್ವಾತಂತ್ರ್ಯದ ತತ್ತ್ವ ರೂಪುಗೊಳ್ಳಲು ಕಾರಣನಾದ ವ್ಯಕ್ತಿಯೇ ಎಲ್ಲರೂ ಮೆಚ್ಚುವ ನಾಯಕನಾಗಿರಲಿಲ್ಲ. ಆದ್ದರಿಂದಲೇ ಆ ತತ್ತ್ವ ವ್ಯಕ್ತಿಯ ಗುಣವನ್ನು ಆಧರಿಸದೆ ವಿಚಾರಣೆಯ ಕ್ರಮವನ್ನು ಆಧರಿಸಿತು. ಅವನ ಮಾತು ತಪ್ಪಾಗಿದ್ದರೆ ತಪ್ಪೆಂದು ತೋರಿಸಬೇಕಾದವರು ಆ ವಿಷಯ ಬಲ್ಲವರು, ಹಣ ಕೊಟ್ಟವರಲ್ಲ.

ಇಪ್ಪತ್ತನೆಯ ಶತಮಾನದ ಪಾಠ

ತೀರ್ಮಾನಿಸುವ ಅಧಿಕಾರವನ್ನು ಪೂರ್ತಿಯಾಗಿ ಪ್ರಭುತ್ವ ಕಿತ್ತುಕೊಂಡರೆ ಏನಾಗುತ್ತದೆಂಬುದಕ್ಕೆ ಕಳೆದ ಶತಮಾನ ದುಬಾರಿಯಾದ ಪ್ರಯೋಗಗಳನ್ನೇ ನಡೆಸಿತು. 1931ರಲ್ಲಿ ಇಟಲಿಯ ಪ್ರಾಧ್ಯಾಪಕರು ಫ್ಯಾಸಿಸ್ಟ್ ಆಡಳಿತಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಆಜ್ಞೆಯಾಯಿತು. ಸುಮಾರು 1,200 ಮಂದಿಯಲ್ಲಿ ಒಲ್ಲೆನೆಂದವರು ಹನ್ನೆರಡರ ಆಸುಪಾಸು. 1933ರ ಏಪ್ರಿಲ್‌ನಲ್ಲಿ ಜರ್ಮನಿಯಲ್ಲಿ ಬಂದ ನಾಗರಿಕ ಸೇವಾ ಕಾನೂನು ಯಹೂದಿ ಹಾಗೂ ಭಿನ್ನಮತದ ವಿದ್ವಾಂಸರನ್ನು ಹೊರಹಾಕಿತು. ಜಗತ್ತಿನ ವಿದ್ಯಾಕೇಂದ್ರವಾಗಿದ್ದ ದೇಶ ಆ ಸ್ಥಾನವನ್ನು ಮತ್ತೆ ಪಡೆಯಲಿಲ್ಲ. ಸೋವಿಯತ್ ಒಕ್ಕೂಟದಲ್ಲಿ ಸಸ್ಯತಳಿಗಳ ಮಹಾ ಸಂಗ್ರಾಹಕ ನಿಕೊಲಾಯ್ ವಾವಿಲೋವ್ 1940ರಲ್ಲಿ ಬಂಧಿತನಾಗಿ 1943ರಲ್ಲಿ ಸರಾತೋವ್ ಸೆರೆಮನೆಯಲ್ಲಿ ಸತ್ತ. 1948ರ ಆಗಸ್ಟ್‌ನಲ್ಲಿ ಕೃಷಿವಿಜ್ಞಾನ ಅಕಾಡೆಮಿಯ ಸಭೆಯಲ್ಲಿ ತ್ರೊಫೀಮ್ ಲಿಸೆಂಕೊ ಆನುವಂಶಿಕ ವಿಜ್ಞಾನವನ್ನು ತಿರಸ್ಕರಿಸುವ ತನ್ನ ವರದಿಯನ್ನು ಪಕ್ಷದ ಕೇಂದ್ರ ಸಮಿತಿ ನೋಡಿ ಒಪ್ಪಿದೆಯೆಂದು ಪ್ರಕಟಿಸಿದ. ಅಲ್ಲಿಗೆ ಚರ್ಚೆ ಮುಗಿಯಿತು. ಆನುವಂಶಿಕ ವಿಜ್ಞಾನ ಪಾಠದಿಂದಲೂ ಪ್ರಯೋಗಾಲಯದಿಂದಲೂ ಮರೆಯಾಯಿತು. 1960ರ ದಶಕದ ನಡುವಿನವರೆಗೆ ಅದು ಚೇತರಿಸಿಕೊಳ್ಳಲಿಲ್ಲ. ಗೋಧಿಯ ಗುಣ ಹೇಗೆ ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತದೆ ಎಂಬಂಥ ಪ್ರಶ್ನೆಯನ್ನೂ ರಾಜಕೀಯ ವಿವಾದವನ್ನಾಗಿ ಮಾಡಬಹುದು ಎಂಬುದು ಇದರಿಂದ ತಿಳಿಯುತ್ತದೆ. ಪ್ರಜಾಪ್ರಭುತ್ವಗಳೂ ಇದಕ್ಕೆ ಹೊರತಾಗಿರಲಿಲ್ಲ. ಶೀತಲ ಸಮರದ ಭೀತಿಯಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ 1950ರಲ್ಲಿ ನಿಷ್ಠಾ ಪ್ರಮಾಣಕ್ಕೆ ಸಹಿ ಹಾಕದ 31 ಅಧ್ಯಾಪಕರನ್ನು ತೆಗೆದುಹಾಕಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1957ರ ಸ್ವೀಜಿ ಮೊಕದ್ದಮೆಯಲ್ಲೂ 1967ರ ಕೀಯಿಷಿಯನ್ ಮೊಕದ್ದಮೆಯಲ್ಲೂ ಶೈಕ್ಷಣಿಕ ಸ್ವಾತಂತ್ರ್ಯಕ್ಕೆ ಸಂವಿಧಾನದ ಆಸರೆಯಿದೆಯೆಂದು ಹೇಳಿದ್ದು ಈ ಅನುಭವದ ನಂತರ. 1949ರ ಜರ್ಮನ್ ಮೂಲಭೂತ ಕಾನೂನು, ಬ್ರಿಟನ್ನಿನ 1988ರ ಶಿಕ್ಷಣ ಸುಧಾರಣಾ ಕಾಯಿದೆ, ದಕ್ಷಿಣ ಆಫ್ರಿಕದ 1996ರ ಸಂವಿಧಾನ, ಉನ್ನತ ಶಿಕ್ಷಣದ ಬೋಧಕರ ಸ್ಥಾನಮಾನ ಕುರಿತ ಯುನೆಸ್ಕೊದ 1997ರ ಶಿಫಾರಸು ಇವೆಲ್ಲ ಇದನ್ನು ಬರಹಕ್ಕಿಳಿಸಿವೆ.

ಭಾರತದಲ್ಲಿ

ಭಾರತದ ಆಧುನಿಕ ವಿಶ್ವವಿದ್ಯಾಲಯಗಳು ಹುಟ್ಟಿನಿಂದಲೇ ಸರ್ಕಾರದ ಸೃಷ್ಟಿ. ಕರ್ಜನ್ ಕಾಲದ 1904ರ ವಿಶ್ವವಿದ್ಯಾಲಯ ಕಾಯಿದೆ ಸೆನೆಟ್‌ಗಳನ್ನು ಸರ್ಕಾರದ ಹಿಡಿತಕ್ಕೆ ತಂದಿತು. 1922ರಲ್ಲಿ ಬಂಗಾಳ ಸರ್ಕಾರ ಷರತ್ತುಗಳ ಸಮೇತ ಅನುದಾನ ನೀಡಲು ಮುಂದಾದಾಗ ಕಲ್ಕತ್ತ ವಿಶ್ವವಿದ್ಯಾಲಯದ ಕುಲಪತಿ ಆಶುತೋಷ್ ಮುಖರ್ಜಿ, ಖಜಾನೆ ಬರಿದಾಗಿದ್ದರೂ, ಸೆನೆಟ್‌ನಲ್ಲಿ ನಿಂತು ಅದನ್ನು ನಿರಾಕರಿಸಿದರು. ಸ್ವತಂತ್ರ ಭಾರತದ ಮೊದಲ ವಿಶ್ವವಿದ್ಯಾಲಯ ಆಯೋಗ, 1948-49ರ ರಾಧಾಕೃಷ್ಣನ್ ಆಯೋಗ, ಶಿಕ್ಷಣದ ಮೇಲೆ ಪ್ರಭುತ್ವದ ಏಕಸ್ವಾಮ್ಯ ಸರ್ವಾಧಿಕಾರಕ್ಕೆ ದಾರಿಯೆಂದು ಎಚ್ಚರಿಸಿತು. ಆದರೆ ಸಂವಿಧಾನದಲ್ಲಿ ಶೈಕ್ಷಣಿಕ ಸ್ವಾತಂತ್ರ್ಯವೆಂಬ ಪದ ಬರಲಿಲ್ಲ. 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದ ನೆರಳಲ್ಲೇ ಅದು ನಿಂತಿದೆ, 19(2)ರ ನಿರ್ಬಂಧಗಳ ಸಮೇತ. ಕರ್ನಾಟಕದ ಮಟ್ಟಿಗೆ 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯಿದೆಯ ಪ್ರಕಾರ ರಾಜ್ಯಪಾಲರು ಕುಲಾಧಿಪತಿ. ಪಠ್ಯದ ವಿಚಾರ ಅಧ್ಯಯನ ಮಂಡಳಿ ಮತ್ತು ವಿದ್ಯಾವಿಷಯಕ ಪರಿಷತ್ತಿನದು, ಆಡಳಿತ ಸಿಂಡಿಕೇಟಿನದು. ಕಾಗದದ ಮೇಲೆ ವಿಷಯ ಬಲ್ಲವರಿಗೆ ಜಾಗವಿದೆ. ಆ ಜಾಗ ಒತ್ತಡ ಬಂದಾಗ ನಿಲ್ಲುವುದೇ ಎಂಬುದು ಪ್ರಶ್ನೆ.

ಒತ್ತಡ ಯಾವುದೋ ಒಂದು ಬಣ್ಣದ ರಾಜಕೀಯದಿಂದಷ್ಟೇ ಬಂದಿಲ್ಲ. 1978ರಲ್ಲಿ, ಜನತಾ ಸರ್ಕಾರದ ಕಾಲದಲ್ಲಿ, ಆರ್.ಎಸ್. ಶರ್ಮರ ‘ಪ್ರಾಚೀನ ಭಾರತ’ ಶಾಲಾ ಪಠ್ಯ ಪಟ್ಟಿಯಿಂದ ಹೊರಬಿತ್ತು. 2004ರ ಜನವರಿಯಲ್ಲಿ ಶಿವಾಜಿಯ ಬಗೆಗಿನ ಪುಸ್ತಕವೊಂದರ ನೆಪದಲ್ಲಿ ಪುಣೆಯ ಭಂಡಾರ್ಕರ್ ಸಂಸ್ಥೆಯ ಮೇಲೆ ದಾಳಿಯಾಗಿ ಹಸ್ತಪ್ರತಿಗಳೂ ಹಾಳಾದವು. 2010ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ರೋಹಿಂಟನ್ ಮಿಸ್ತ್ರಿಯವರ ಕಾದಂಬರಿಯನ್ನು ಪಠ್ಯದಿಂದ ಕೈಬಿಟ್ಟಿತು. 2012ರಲ್ಲಿ ಕಾಂಗ್ರೆಸ್ ನೇತೃತ್ವದ ಸರ್ಕಾರವಿದ್ದಾಗ, ಎನ್‌ಸಿಇಆರ್‌ಟಿ ರಾಜ್ಯಶಾಸ್ತ್ರ ಪಠ್ಯದಲ್ಲಿದ್ದ ಶಂಕರ್ ಅವರ 1949ರ ವ್ಯಂಗ್ಯಚಿತ್ರ ಅಂಬೇಡ್ಕರರಿಗೆ ಅವಮಾನ ಮಾಡುತ್ತದೆಂದು ಸಂಸತ್ತಿನಲ್ಲಿ ಗದ್ದಲವೆದ್ದಿತು. ಆ ಪಠ್ಯದ ಮುಖ್ಯ ಸಲಹೆಗಾರರಾದ ಯೋಗೇಂದ್ರ ಯಾದವ್ ಮತ್ತು ಸುಹಾಸ್ ಪಳಶೀಕರ್ ರಾಜೀನಾಮೆ ಕೊಟ್ಟರು. ಕರ್ನಾಟಕದಲ್ಲಿ ಎಂ.ಎಂ. ಕಲಬುರ್ಗಿಯವರು 1989ರಲ್ಲಿ ಧಾರ್ಮಿಕ ವಲಯದ ಒತ್ತಡಕ್ಕೆ ಸಿಲುಕಿ ತಮ್ಮ ‘ಮಾರ್ಗ’ ಸಂಪುಟದ ಕೆಲವು ಸಂಶೋಧನ ನಿಲುವುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಶಾಸನ ಮತ್ತು ವಚನಗಳ ಪಾಠ ಹಿಡಿದು ಕಟ್ಟಿದ ವಾದವದು. ಅದನ್ನು ಕೆಡವಲು ಬೇರೊಂದು ಪಾಠ, ಬೇರೊಂದು ಓದು ಸಾಕಿತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿ ನಿವೃತ್ತರಾಗಿದ್ದ ಅವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು.

ಒಂದು ಪ್ರಬಂಧದ ಪ್ರಕರಣ

ಈ ಎಲ್ಲ ಎಳೆಗಳೂ ಒಟ್ಟಿಗೆ ಕಾಣುವುದು ಎ.ಕೆ. ರಾಮಾನುಜನ್ ಅವರ ‘ಮುನ್ನೂರು ರಾಮಾಯಣಗಳು’ ಪ್ರಬಂಧದ ಪ್ರಕರಣದಲ್ಲಿ. ಮೈಸೂರಿನಲ್ಲಿ ಹುಟ್ಟಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಕಲಿಸಿದ ರಾಮಾನುಜನ್ ಈ ಪ್ರಬಂಧದಲ್ಲಿ ವಾಲ್ಮೀಕಿ, ಕಂಬ, ವಿಮಲಸೂರಿಯ ಜೈನ ಕೃತಿ, ಥಾಯ್ ರಾಮಾಯಣ ಮತ್ತು ಕನ್ನಡದ ಜನಪದ ರಾಮಾಯಣವನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಕನ್ನಡದ ದಲಿತ ಗಾಯಕರು ಹಾಡುವ ಕಥೆಯಲ್ಲಿ ರಾವಣನಿಗೆ ಮಕ್ಕಳಿಲ್ಲ. ಶಿವ ಮಾವಿನ ಹಣ್ಣು ಕೊಡುತ್ತಾನೆ. ಹೆಂಡತಿಗೆ ತಿರುಳು ಕೊಡಬೇಕಾದ ರಾವಣ ತಾನೇ ತಿಂದು ಗರ್ಭ ಧರಿಸುತ್ತಾನೆ. ದಿನವೊಂದು ತಿಂಗಳಂತೆ ಉರುಳಿ, ಒಂಬತ್ತನೆಯ ದಿನ ಸೀನಿದಾಗ ಮೂಗಿನಿಂದ ಹೆಣ್ಣುಮಗು ಹುಟ್ಟುತ್ತದೆ. ‘ಸೀತ’ ಎಂದರೆ ಸೀನಿದ ಎಂದರ್ಥ, ಹೆಸರೇ ಕಥೆ. ಸಂಸ್ಕೃತದಲ್ಲಿ ಸೀತಾ ಎಂದರೆ ನೇಗಿಲ ಸಾಲು, ಅಲ್ಲಿಯೂ ಹೆಸರೇ ಹುಟ್ಟಿನ ಕಥೆ. ಒಂದೇ ಕಥೆ ಭಾಷೆಯಿಂದ ಭಾಷೆಗೆ ಹೋದಾಗ ಆಯಾ ಭಾಷೆಯ ಮಣ್ಣಿನಲ್ಲೇ ಬೇರು ಬಿಡುತ್ತದೆ ಎಂದು ವಿದ್ಯಾರ್ಥಿಗೆ ತೋರಿಸಲು ಇದಕ್ಕಿಂತ ಚೊಕ್ಕವಾದ ಉದಾಹರಣೆ ಸಿಗುವುದು ಕಷ್ಟ. ಸೀತೆ ರಾವಣನ ಮಗಳೆಂಬ ಕಲ್ಪನೆ ಗುಣಭದ್ರನ ‘ಉತ್ತರಪುರಾಣ’ದಂಥ ಜೈನ ಗ್ರಂಥಗಳಲ್ಲೂ ಇದೆ. ರಾವಣನನ್ನು ಘನತೆಯ ದುರಂತನಾಯಕನಾಗಿ ಚಿತ್ರಿಸುವ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ವನ್ನು ಕನ್ನಡ ತರಗತಿಗಳು ತಲೆಮಾರುಗಳಿಂದ ಓದಿಕೊಂಡು ಬಂದಿವೆ. ಒಂದು ತರಗತಿಯ ನಿತ್ಯದ ಪಾಠ ಇನ್ನೊಂದು ಕಡೆ ಅಪಚಾರವಾಗಿ ಕಂಡರೆ, ವಿವಾದ ಪಠ್ಯದೊಳಗೇ ಇತ್ತೆಂದು ಹೇಳುವುದು ಕಷ್ಟ.

ದೆಹಲಿ ವಿಶ್ವವಿದ್ಯಾಲಯದ ಬಿ.ಎ. ಇತಿಹಾಸ ಆನರ್ಸ್ ಪಠ್ಯದಲ್ಲಿದ್ದ ಈ ಪ್ರಬಂಧವನ್ನು ವಿರೋಧಿಸಿ 2008ರ ಫೆಬ್ರುವರಿಯಲ್ಲಿ ಗುಂಪೊಂದು ಇತಿಹಾಸ ವಿಭಾಗಕ್ಕೆ ನುಗ್ಗಿ ಧ್ವಂಸ ಮಾಡಿತು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ತಜ್ಞರ ಅಭಿಪ್ರಾಯ ಪಡೆಯುವಂತೆ ವಿಶ್ವವಿದ್ಯಾಲಯಕ್ಕೆ ಸೂಚನೆ ಬಂತು. ನಾಲ್ವರ ಸಮಿತಿಯಲ್ಲಿ ಮೂವರು ಪ್ರಬಂಧ ಪಠ್ಯದಲ್ಲಿರಲು ಅಡ್ಡಿಯಿಲ್ಲವೆಂದರು. ನಾಲ್ಕನೆಯವರೂ ಅದರ ವಿದ್ವತ್ತನ್ನು ಅಲ್ಲಗಳೆಯಲಿಲ್ಲ. ಪದವಿ ತರಗತಿಯ ಮಟ್ಟಕ್ಕೆ ಅದು ಹೊಂದುವುದೇ ಎಂಬ ಸಂದೇಹ ಅವರದು. ಹೀಗಿದ್ದೂ 2011ರ ಅಕ್ಟೋಬರ್‌ನಲ್ಲಿ ವಿದ್ಯಾವಿಷಯಕ ಪರಿಷತ್ತು ಬಹುಮತದಿಂದ ಪ್ರಬಂಧವನ್ನು ತೆಗೆದುಹಾಕಿತು. ಬೆರಳೆಣಿಕೆಯ ಸದಸ್ಯರಷ್ಟೇ ವಿರೋಧಿಸಿದರು. ಇಲ್ಲಿ ಮಂತ್ರಿಯ ಆಜ್ಞೆಯಿಲ್ಲ, ನ್ಯಾಯಾಲಯದ ನಿಷೇಧವಿಲ್ಲ. ನಿಯಮದ ಪ್ರಕಾರ ತೀರ್ಮಾನಿಸಬೇಕಾದ ಮಂಡಳಿಯೇ ತೀರ್ಮಾನಿಸಿತು. ಸ್ವಾಯತ್ತತೆ ಅಕ್ಷರಶಃ ಉಳಿಯಿತು. ಆದರೆ ಇತಿಹಾಸ ವಿಭಾಗದ ಮಾತಿಗೂ ತಜ್ಞರ ಬಹುಮತಕ್ಕೂ ಎದುರಾಗಿ ಹೋಗುವಾಗ ಪರಿಷತ್ತು ಅವರ ಕಾರಣಗಳನ್ನು ಕಾರಣಗಳಿಂದ ಖಂಡಿಸಬೇಕಿತ್ತು. ಅದು ಕೈಯೆತ್ತಿದವರ ಲೆಕ್ಕ ಹಾಕಿತು. ಸಂಸ್ಥೆಗೆ ಸ್ವಾಯತ್ತತೆ ಇದ್ದಮಾತ್ರಕ್ಕೆ ಶೈಕ್ಷಣಿಕ ಸ್ವಾತಂತ್ರ್ಯ ಇದೆಯೆಂದು ಹೇಳಲಾಗದು ಎಂಬುದಕ್ಕೆ ಈ ಪ್ರಕರಣವೇ ಸಾಕ್ಷಿ.

ಆಕ್ಷೇಪಗಳು

ಮೊದಲ ಆಕ್ಷೇಪ ಹಣದ್ದು. ವಿಶ್ವವಿದ್ಯಾಲಯ ನಡೆಯುವುದು ತೆರಿಗೆದಾರರ ದುಡ್ಡಿನಲ್ಲಿ, ಹೀಗಿರುವಾಗ ಅಲ್ಲಿ ಏನು ನಡೆಯಬೇಕೆಂದು ಹೇಳಲು ಜನರಿಗೂ ಅವರ ಪ್ರತಿನಿಧಿಗಳಿಗೂ ಹಕ್ಕಿಲ್ಲವೆ? ಇದೆ, ಮತ್ತು ಆ ಹಕ್ಕು ದೊಡ್ಡದೇ. ಎಲ್ಲಿ ಕಾಲೇಜು ತೆರೆಯಬೇಕು, ಯಾವ ವಿಭಾಗಕ್ಕೆ ಎಷ್ಟು ಹಣ, ಯಾರಿಗೆ ಮೀಸಲಾತಿ, ಲೆಕ್ಕ ಸರಿಯಿದೆಯೆ ಇವೆಲ್ಲ ಶಾಸನಸಭೆ ಕೇಳಬೇಕಾದ ಪ್ರಶ್ನೆಗಳು. ಸಂಶೋಧನೆಯ ಫಲಿತಾಂಶ ಏನಿರಬೇಕೆಂದು ಮೊದಲೇ ಹೇಳಿ ಹಣ ಕೊಟ್ಟರೆ ಮಾತ್ರ ಜನ ತಮ್ಮ ದುಡ್ಡಿಗೆ ತಾವೇ ಮೋಸ ಮಾಡಿಕೊಂಡಂತೆ. ಗೊತ್ತಿದ್ದ ಉತ್ತರವನ್ನು ಕೊಂಡುಕೊಳ್ಳಲು ವಿಶ್ವವಿದ್ಯಾಲಯ ಬೇಕಿಲ್ಲ. ಹಣದ ಷರತ್ತು ಹಳೆಯ ಕಾಲಕ್ಕೆ ಮುಗಿದ ಕಥೆಯೂ ಅಲ್ಲ. 2025ರ ಮಾರ್ಚ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಕೊಲಂಬಿಯ ವಿಶ್ವವಿದ್ಯಾಲಯದ 40 ಕೋಟಿ ಡಾಲರ್ ಅನುದಾನವನ್ನು ರದ್ದುಮಾಡಿತು. ಏಪ್ರಿಲ್‌ನಲ್ಲಿ ಹಾರ್ವರ್ಡ್ ಷರತ್ತುಗಳಿಗೆ ಒಪ್ಪದಿದ್ದಾಗ 220 ಕೋಟಿ ಡಾಲರ್ ತಡೆಹಿಡಿಯಿತು. ಯಹೂದಿ ವಿದ್ಯಾರ್ಥಿಗಳ ಮೇಲಿನ ದ್ವೇಷ ತಡೆಯಲು ಈ ಕ್ರಮವೆಂದು ಸರ್ಕಾರ ಹೇಳಿತು. ಅಂಥ ದ್ವೇಷ ನಡೆದಿದ್ದರೆ ತಡೆಯಬೇಕಾದದ್ದೇ. ಆದರೆ ವೈದ್ಯಕೀಯ ಸಂಶೋಧನೆಯ ಹಣ ನಿಲ್ಲಿಸುವುದಕ್ಕೂ ಆ ದೂರಿಗೂ ಇರುವ ಸಂಬಂಧವನ್ನು ಯಾರೂ ತೋರಿಸಿಕೊಡಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಲ್ಲಾ ನ್ಯಾಯಾಲಯ ಹಾರ್ವರ್ಡಿನ ಪರ ತೀರ್ಪಿತ್ತಿತು.

ಎರಡನೆಯ ಆಕ್ಷೇಪ ಅಧ್ಯಾಪಕರ ಪಕ್ಷಪಾತದ್ದು. ಅಂಕ ಕೊಡುವ ಅಧಿಕಾರ ಕೈಯಲ್ಲಿಟ್ಟುಕೊಂಡು ತನ್ನ ರಾಜಕೀಯವನ್ನು ಎಳೆಯರ ತಲೆಗೆ ತುಂಬುವುದು ಸ್ವಾತಂತ್ರ್ಯದ ದುರುಪಯೋಗವಲ್ಲವೆ? ಖಂಡಿತ ಹೌದು. 1917ರಲ್ಲಿ ಮ್ಯೂನಿಕ್‌ನಲ್ಲಿ ಮಾಡಿದ ಭಾಷಣದಲ್ಲಿ ವೇಬರ್ ಇದನ್ನೇ ಹೇಳಿದ: ಎದುರು ಕೂತವರು ತಿರುಗಿ ಮಾತಾಡಲಾಗದ ಉಪನ್ಯಾಸ ಪೀಠ ಪ್ರವಾದಿಗಳಿಗೂ ಭಾಷಣಕಾರರಿಗೂ ತಕ್ಕ ಜಾಗವಲ್ಲ, ತಂತಮ್ಮ ಪಕ್ಷಕ್ಕೆ ಇರಿಸುಮುರಿಸು ತರುವ ಸತ್ಯಾಂಶಗಳನ್ನು ಗುರುತಿಸಲು ಕಲಿಸುವುದು ಅಧ್ಯಾಪಕನ ಮೊದಲ ಕೆಲಸ. ಅಮೆರಿಕದ ಪ್ರಾಧ್ಯಾಪಕರ ಸಂಘದ 1940ರ ಹೇಳಿಕೆಯೂ ವಿಷಯಕ್ಕೆ ಸಂಬಂಧವಿಲ್ಲದ ವಿವಾದವನ್ನು ತರಗತಿಗೆ ತರಬಾರದೆಂದಿತು. ಇದರಿಂದ ವಿವಾದವನ್ನೇ ಬಿಡಬೇಕೆಂದು ಅರ್ಥ ಬಾರದು. ಕಾಶ್ಮೀರ, ಮೀಸಲಾತಿ, ಭೂಸುಧಾರಣೆ, ಕಾವೇರಿ ನೀರು ಇವುಗಳನ್ನು ಮುಟ್ಟದ ರಾಜ್ಯಶಾಸ್ತ್ರ ಪಾಠವೇ ಅಲ್ಲ. ಅಳತೆ ಸರಳ: ತನಗೊಪ್ಪದ ಪಕ್ಷವನ್ನು, ಆ ಪಕ್ಷದವರೇ ತಲೆದೂಗುವಂತೆ, ಅಧ್ಯಾಪಕ ಮಂಡಿಸಬಲ್ಲನೆ? ವಿರುದ್ಧ ಉತ್ತರ ಬರೆದ ವಿದ್ಯಾರ್ಥಿಗೆ ವಾದದ ಬಲ ನೋಡಿ ಅಂಕ ಕೊಡುತ್ತಾನೆಯೆ? ಪೂರ್ವಪಕ್ಷದ ಹಳೆಯ ಶಿಸ್ತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ತಪ್ಪಿದವರನ್ನು ತಿದ್ದುವ ದಾರಿ ವಿಭಾಗದ ವಿಚಾರಣೆ, ಬೀದಿಯ ಘೋಷಣೆಯಲ್ಲ.

ಮೂರನೆಯದು ಭಾವನೆಯ ನೋವು. ಬಹುಧರ್ಮದ ಸಮಾಜದಲ್ಲಿ ವಿದ್ವಾಂಸನ ಒಂದು ವಾಕ್ಯ ಊರಿಗೆ ಬೆಂಕಿ ಹಚ್ಚಬಹುದೆಂಬ ಭಯ ಕಾಲ್ಪನಿಕವಲ್ಲ. ಆದರೆ ವ್ಯಕ್ತಿಯ ಮೇಲಿನ ಬೆದರಿಕೆ, ಕಿರುಕುಳ, ಜಾತಿನಿಂದನೆ ಬೇರೆ; ನಂಬಿದ್ದಕ್ಕೆ ವಿರುದ್ಧವಾದ ಆಧಾರ ಎದುರಾದಾಗ ಆಗುವ ಕಸಿವಿಸಿ ಬೇರೆ. ಮೊದಲನೆಯದಕ್ಕೆ ಶಿಕ್ಷೆಯ ಕಾನೂನುಗಳಿವೆ, ಶೈಕ್ಷಣಿಕ ಸ್ವಾತಂತ್ರ್ಯ ಅದಕ್ಕೆ ಗುರಾಣಿಯಾಗದು. ಎರಡನೆಯದು ಕಲಿಕೆಯ ಭಾಗ. ನೋವನ್ನೇ ಅಳತೆಗೋಲಾಗಿ ಮಾಡಿದರೆ ಹೆಚ್ಚು ಗಟ್ಟಿಯಾಗಿ ಕೂಗಬಲ್ಲವರ ನೋವು ಮಾತ್ರ ಲೆಕ್ಕಕ್ಕೆ ಬರುತ್ತದೆ. ಸುಳ್ಳನ್ನು ಎದುರಿಸಲು ಕೂಡ ಪರಿಶೀಲನೆಯೇ ಗಟ್ಟಿ ಸಾಧನ. ಯಹೂದಿಗಳ ನರಮೇಧವನ್ನು ಅಲ್ಲಗಳೆಯುವವನೆಂದು ತನ್ನನ್ನು ಕರೆದದ್ದಕ್ಕೆ ಡೇವಿಡ್ ಇರ್ವಿಂಗ್ ಇತಿಹಾಸಕಾರ್ತಿ ಡೆಬೊರಾ ಲಿಪ್‌ಸ್ಟಾಟ್ ಮೇಲೆ ಮಾನನಷ್ಟ ದಾವೆ ಹೂಡಿದಾಗ, ಇತಿಹಾಸಕಾರ ರಿಚರ್ಡ್ ಇವಾನ್ಸ್ ಇರ್ವಿಂಗನ ಬರಹಗಳನ್ನು ಅವುಗಳ ಮೂಲ ದಾಖಲೆಗಳ ಜೊತೆ ಹೋಲಿಸಿ ತಿರುಚಿದ ಜಾಗಗಳನ್ನು ತೋರಿಸಿಕೊಟ್ಟರು. 2000ದ ಏಪ್ರಿಲ್‌ನಲ್ಲಿ ಲಂಡನ್ನಿನ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಇರ್ವಿಂಗನ ಹೆಸರು ಮುಳುಗಿದ್ದು ಅಡಿಟಿಪ್ಪಣಿಗಳ ತನಿಖೆಯಿಂದ.

ನಾಲ್ಕನೆಯ ಆಕ್ಷೇಪ ಉಳಿದೆಲ್ಲಕ್ಕಿಂತ ತೂಕದ್ದು, ಭಾರತದಲ್ಲಂತೂ ತಳ್ಳಿಹಾಕಲಾಗದ್ದು. ವಿಷಯ ಬಲ್ಲವರೇ ತೀರ್ಮಾನಿಸಲಿ ಎಂದರೆ, ಬಲ್ಲವರೆಂಬ ಹೆಸರನ್ನು ಕೆಲವೇ ಜಾತಿಗಳು, ಕೆಲವೇ ಮನೆತನಗಳು ಗುತ್ತಿಗೆ ಹಿಡಿದಿದ್ದರೆ? 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ರಾಜ್ಯದ ಕಾಲೇಜುಗಳು ಹೊತ್ತಿ ಉರಿದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ಮಂತ್ರಿಪದವಿ ಬಿಡಬೇಕಾಯಿತು. ಕುವೆಂಪು ಬಸವಲಿಂಗಪ್ಪನವರ ಪರ ನಿಂತರು. ಆ ಮಾತು ಅತಿಯೋ ಅಲ್ಲವೋ, ಅದು ಎತ್ತಿದ ಪ್ರಶ್ನೆ ಸಾಹಿತ್ಯ ಬಲ್ಲವರ ವಲಯ ತನಗೆ ತಾನೇ ಕೇಳಿಕೊಳ್ಳದ ಪ್ರಶ್ನೆ: ಈ ಸಾಹಿತ್ಯದಲ್ಲಿ ಯಾರ ಬದುಕಿದೆ, ಯಾರದಿಲ್ಲ? ಉತ್ತರ ಬಂದದ್ದು ಸಿದ್ಧಲಿಂಗಯ್ಯ, ದೇವನೂರ ಮಹಾದೇವರಂಥವರ ಕೃತಿಗಳಿಂದ, 1979ರಲ್ಲಿ ರೂಪುಗೊಂಡ ಬಂಡಾಯ ಸಂಘಟನೆಯಿಂದ. ಮುಂದೆ ಪಠ್ಯಗಳೇ ಬದಲಾದವು. ಬಲ್ಲವರ ವಲಯ ಮುಚ್ಚಿದ ಕೋಣೆಯಾಗಬಲ್ಲದು ಎಂಬುದು ಇದರಿಂದ ಸಿದ್ಧವಾಗುತ್ತದೆ. ಆ ಬಾಗಿಲನ್ನು ತೆರೆದದ್ದು ಮೀಸಲಾತಿ, ಹೊಸ ವಿದ್ಯಾರ್ಥಿಗಳು, ಹೊಸ ಬರಹಗಾರರು. ಬೂಸಾ ಎಂದವರ ಬಾಯಿ ಮುಚ್ಚಿಸಲು ಹೊರಟ ಗುಂಪು ತೆರೆದದ್ದೇನೂ ಇಲ್ಲ. ಆದ್ದರಿಂದ ಈ ಆಕ್ಷೇಪಕ್ಕೆ ಸರಿಯಾದ ಪರಿಹಾರ ಬಲ್ಲವರ ವಲಯವನ್ನು ಹಿಗ್ಗಿಸುವುದು. ತೀರ್ಮಾನವನ್ನೇ ಅಲ್ಲಿಂದ ಕಿತ್ತು ಬೇರೆಯವರ ಕೈಗೆ ಕೊಟ್ಟರೆ, ಹೊಸದಾಗಿ ಒಳಗೆ ಬಂದವರೇ ಮೊದಲು ದನಿ ಕಳೆದುಕೊಳ್ಳುತ್ತಾರೆ.

ಸಂಸ್ಥೆಯ ಮೌನ, ಕೆಲಸದ ಭದ್ರತೆ

ಅಧ್ಯಾಪಕರು ಮಾತಾಡಲಿ, ವಿಶ್ವವಿದ್ಯಾಲಯವೂ ಒಂದು ಸಂಸ್ಥೆಯಾಗಿ ನಿಲುವು ಪ್ರಕಟಿಸಬೇಕೆ? ಷಿಕಾಗೊ ವಿಶ್ವವಿದ್ಯಾಲಯದ 1967ರ ಕಾಲ್ವೆನ್ ವರದಿ ಬೇಡವೆಂದಿತು: ಟೀಕಿಸುವವರು ವ್ಯಕ್ತಿಗಳು, ಸಂಸ್ಥೆ ಅವರಿಗೆ ಆಸರೆ ಮಾತ್ರ, ಸಂಸ್ಥೆಯೇ ಒಂದು ಪಕ್ಷ ಹಿಡಿದರೆ ಒಳಗಿನ ಭಿನ್ನಮತೀಯನಿಗೆ ನೆಲೆ ತಪ್ಪುತ್ತದೆ. ತನ್ನ ಇರವಿಗೇ ಸಂಚಕಾರ ಬಂದಾಗ ಮಾತ್ರ ಸಂಸ್ಥೆ ಮಾತಾಡಬೇಕೆಂದು ಆ ವರದಿಯೇ ವಿನಾಯಿತಿ ಇಟ್ಟಿತು. ಮೌನವೂ ಒಂದು ಪಕ್ಷವೇ ಎಂಬ ಟೀಕೆಯಲ್ಲಿ ಹುರುಳಿದೆ. ವರ್ಣಭೇದದ ದಕ್ಷಿಣ ಆಫ್ರಿಕದಲ್ಲಿ ಯಾರು ಕಲಿಸಬೇಕು, ಯಾರು ಕಲಿಯಬೇಕು ಎಂಬುದನ್ನು ವಿಶ್ವವಿದ್ಯಾಲಯವೇ ನಿರ್ಧರಿಸಬೇಕೆಂದು ಕೇಪ್‌ಟೌನ್ ಕುಲಪತಿ ಟಿ.ಬಿ. ಡೇವಿ ಸುಮ್ಮನಿರದೆ ಹೇಳಿದ್ದು ಇದಕ್ಕೆ ನಿದರ್ಶನ. ಆದರೆ ಅದು ವಿಶ್ವವಿದ್ಯಾಲಯದ ಬಾಗಿಲಿನ ಪ್ರಶ್ನೆಯೇ ಆಗಿತ್ತು. ಅಂಥ ಪ್ರಶ್ನೆಗಳಲ್ಲಿ ಸಂಸ್ಥೆ ಮಾತಾಡಬೇಕು, ಉಳಿದುವುಗಳಲ್ಲಿ ತನ್ನ ಜನರನ್ನು ಮಾತಾಡಲು ಬಿಡಬೇಕು ಎಂಬುದು ನ್ಯಾಯವಾದ ಮಧ್ಯಮಾರ್ಗ. ಅವರು ಮಾತಾಡಲು ಕೆಲಸದ ಭದ್ರತೆಯೂ ಬೇಕು. ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ವರ್ಷ ವರ್ಷ ನವೀಕರಣಕ್ಕಾಗಿ ಕಾಯುತ್ತಾ ಪಾಠ ಮಾಡುತ್ತಾರೆ. ಅವರ ಬಾಯಿ ಕಟ್ಟಲು ಯಾವ ನಿಷೇಧವೂ ಬೇಕಿಲ್ಲ. ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರು ಇರುವುದೇ ಎಂಬ ಆತಂಕ ಸಾಕು. ದೇಶ ದೇಶಗಳ ಶೈಕ್ಷಣಿಕ ಸ್ವಾತಂತ್ರ್ಯವನ್ನು ತಜ್ಞರ ಅಂದಾಜಿನಿಂದ ಅಳೆಯುವ ಅಂತರರಾಷ್ಟ್ರೀಯ ಸೂಚ್ಯಂಕದಲ್ಲಿ ಭಾರತ ಕಳೆದ ದಶಕದಲ್ಲಿ ಗಮನಾರ್ಹವಾಗಿ ಇಳಿದಿದೆ. ಅಂದಾಜಿನ ಅಳತೆಯನ್ನು ಪ್ರಶ್ನಿಸಬಹುದು, ಪ್ರಶ್ನಿಸಲೂ ಬೇಕು. ಹಾಗೆ ಪ್ರಶ್ನಿಸಲು ಬೇಕಾದದ್ದೂ ಮುಕ್ತವಾದ ವಿದ್ವತ್ತೇ.

ಒಟ್ಟಿನಲ್ಲಿ ವೋಲ್ಫನಿಗೆ ಕೊಟ್ಟ ನಲವತ್ತೆಂಟು ಗಂಟೆಗೂ ದೆಹಲಿಯ ಪರಿಷತ್ತು ಹಾಕಿದ ಮತಕ್ಕೂ ನಡುವೆ ಸುಮಾರು ಮುನ್ನೂರು ವರ್ಷಗಳ ಅಂತರವಿದೆ, ಒಂದು ಹೋಲಿಕೆಯೂ ಇದೆ: ಎರಡರಲ್ಲೂ ಎದುರಾಳಿಯ ವಾದಕ್ಕೆ ವಾದದಿಂದ ಉತ್ತರ ಬರಲಿಲ್ಲ. ಪಠ್ಯವೊಂದನ್ನು ಸೇರಿಸುವಾಗಲೂ ತೆಗೆಯುವಾಗಲೂ, ಒಬ್ಬರನ್ನು ನೇಮಿಸುವಾಗಲೂ ಬಿಡಿಸುವಾಗಲೂ, ಕಾರಣವನ್ನು ಬರೆದು, ಬರೆದದ್ದನ್ನು ಪ್ರಕಟಿಸಿ, ಅದಕ್ಕೆ ಉತ್ತರ ಕೊಡಲು ಎದುರು ಪಕ್ಷಕ್ಕೆ ಅವಕಾಶವಿಡುವುದು ಯಾವ ವಿಶ್ವವಿದ್ಯಾಲಯವೂ ಹೊಸ ಕಾನೂನಿಗೆ ಕಾಯದೆ ಇಂದೇ ಮಾಡಬಹುದಾದ ಕೆಲಸ. ಅಷ್ಟನ್ನು ಮಾಡದ ವಿಶ್ವವಿದ್ಯಾಲಯ, ಸರ್ಕಾರ ಅದನ್ನು ಎಷ್ಟೇ ಸ್ವತಂತ್ರವಾಗಿ ಬಿಟ್ಟಿದ್ದರೂ, ಸ್ವತಂತ್ರವಲ್ಲ. ರಾಮಾನುಜನ್ ಅವರ ಪ್ರಬಂಧವೇನೋ ಅಳಿಯಲಿಲ್ಲ. ಪಠ್ಯಪಟ್ಟಿಯಿಂದ ಹೊರಬಿದ್ದ ಮೇಲೆ ಅದನ್ನು ಹುಡುಕಿ ಓದುವವರು ಹೆಚ್ಚಿದರು. ಅದನ್ನು ತರಗತಿಯಲ್ಲಿ ಕೂತು, ಒಪ್ಪದವರ ಜೊತೆ ವಾದಿಸುತ್ತಾ ಓದುವ ಅವಕಾಶ ಮಾತ್ರ ಆ ವಿದ್ಯಾರ್ಥಿಗಳಿಗೆ ತಪ್ಪಿಹೋಯಿತು.